ಸೀನಿನ ಹಿಂದೆ ಇದ್ದ ಕಪ್ಪು ಪೆಟ್ಟಿಗೆ

ಮೊನ್ನೆ ಆದಿತ್ಯವಾರ ಉಡುಪಿಯಲ್ಲಿ ಬೆಳಿಗ್ಗಿಂದ ಒಂದೇ ಸಮ ಮಳೆ. ಮಧ್ಯಾಹ್ನ ಊಟ ಆಗಿ ನಾನು ಅಮ್ಮ ಯೂಟ್ಯೂಬಲ್ಲಿ ಒಂದು ಕಪ್ಪು-ಬಿಳುಪು ಕನ್ನಡ ಸಿನಿಮಾ ಹಾಕಿ ಕೂತದ್ದು. ಶ್ರೀಮಂತರ ಬಂಗ್ಲೆ, ಮಧ್ಯದಲ್ಲಿ ದೊಡ್ಡ ಮೆಟ್ಟಿಲು, ಅಪ್ಪ ಮಗಳಿಗೆ ಜೋರು ಮಾಡ್ತಾ ಇದ್ದಾರೆ, ಒಳ್ಳೆ ಸೀನ್ ಅದು, ಆದ್ರೆ ನನ್ನ ಕಣ್ಣು ಹೋದದ್ದು ಅವರ ಹಿಂದೆ ಕಿಟಕಿ ಹತ್ರ ಸ್ಟೂಲಿನ ಮೇಲೆ ಮುಚ್ಚಳ ತೆರೆದು ಇಟ್ಟಿದ್ದ ಒಂದು ಕಪ್ಪು ಪೆಟ್ಟಿಗೆಗೆ. ನಿಲ್ಲಿಸಿದೆ. "ಎಂತ ಮಾರಾಯ್ತಿ, ಪುನಃ ನಿಲ್ಲಿಸಿದ್ಯಾ, ಅವಳು ಈಗ ಅಳ್ಲಿಕ್ಕೆ ಉಂಟು" ಅಂದ್ರು ಅಮ್ಮ.

ಹಳೆ ಸಿನಿಮಾಗಳಲ್ಲಿ ಗ್ರಾಮಫೋನು, ರೆಕಾರ್ಡ್ ಪ್ಲೇಯರ್ ಎಲ್ಲೆಲ್ಲಿ ಉಂಟು ಅಂತ ಹುಡುಕುದು ನಂಗೆ ತುಂಬ ವರ್ಷದ ಅಭ್ಯಾಸ. ಯಾಕೆ ಅಂತ ಕೇಳಿದವರಿಗೆಲ್ಲ ನಾನು ಹೇಳುದು ಒಂದೇ. ಆ ಕಾಲದ ಸಿನಿಮಾದವರು ಅದನ್ನು "ಹಳೆ ಕಾಲ" ತೋರಿಸ್ಲಿಕ್ಕೆ ಅಂತ ಇಟ್ಟದ್ದಲ್ಲ, ಅವರಿಗೆ ಅದು ಹಳತೇ ಅಲ್ಲ. ದುಡ್ಡಿದ್ದವರ ಹಾಲಲ್ಲಿ ಆಗ ಎಂತ ಇರ್ತಿತ್ತೋ ಅದನ್ನೇ ಯಾರದ್ದೋ ಮನೆಯಿಂದ ತಂದು ಇಟ್ರು, ಅಷ್ಟೆ. ಡೈಲಾಗಿನಲ್ಲಿ ನಾಟಕ ಉಂಟು, ಮೇಕಪ್ಪಲ್ಲಿ ಉಂಟು, ಆ ಸ್ಟೂಲಿನ ಮೇಲಿನ ಪೆಟ್ಟಿಗೆಯಲ್ಲಿ ಇಲ್ಲ. ನಮ್ಮ ಮನೆಗಳಲ್ಲಿ ಇದ್ದ ಮೆಷಿನ್ನುಗಳ ಫೋಟೋ ಯಾರೂ ತೆಗೆದಿಟ್ಟಿಲ್ಲ, ಆಗ ಕ್ಯಾಮರಾ ಇದ್ದದ್ದು ಮದುವೆಗೆ ಮಾತ್ರ, ಹಾಗಾಗಿ ನಮಗೆ ಉಳಿದ ಸಾಕ್ಷಿ ಈ ಸಿನಿಮಾಗಳೇ.

ಗುರುತು ಹಿಡಿಯುದು ಕಷ್ಟ ಏನಿಲ್ಲ. ಮೊದಲು ವಯರ್ ಉಂಟಾ ನೋಡಿ. ವಯರ್ ಇಲ್ಲದೆ, ಬದಿಯಲ್ಲಿ ತಿರುಗಿಸುವ ಹ್ಯಾಂಡಲ್ ಇದ್ರೆ ಅದು ಸ್ಪ್ರಿಂಗಿನದ್ದು, ಕೀ ಕೊಟ್ಟು ನಡೆಸುದು. ಆಮೇಲೆ ಪ್ಲೇಟಿನ, ಅಂದ್ರೆ ರೆಕಾರ್ಡಿನ, ಮೇಲೆ ಬರುವ ಕೈಯನ್ನು ನೋಡಿ, ಅದರ ತುದಿಯಲ್ಲಿ ದೊಡ್ಡ ನಾಣ್ಯದ ಹಾಗೆ ಗುಂಡಗಿನ ಸೌಂಡ್ ಬಾಕ್ಸ್ ನೆಟ್ಟಗೆ ನಿಂತಿದ್ರೆ ಅದರಲ್ಲಿ ಕರೆಂಟಿನ ಕೆಲಸವೇ ಇಲ್ಲ, ಪಿನ್ನಿನ ಕಂಪನ ಒಳಗಿನ ತೆಳು ತಗಡಿಗೆ, ಅಲ್ಲಿಂದ ಕೊಳವೆಯಲ್ಲಿ ಹಾರ್ನಿಗೆ, ಅಂದ್ರೆ ಸ್ವರ ಜೋರು ಮಾಡುವ ತುತ್ತೂರಿಗೆ. ಕೈ ಸಪೂರ ಇದ್ದು ತುದಿ ಚಪ್ಪಟೆ ಇದ್ರೆ ಕರೆಂಟಿನ ಪ್ಲೇಯರು. ಮಧ್ಯದ ಕಡ್ಡಿ ಉದ್ದ ಇದ್ದು ಅದ್ರಲ್ಲಿ ನಾಲ್ಕೈದು ಪ್ಲೇಟು ಒಂದರ ಮೇಲೊಂದು ಕೂತಿದ್ರೆ ಚೇಂಜರು, ಒಂದು ಮುಗಿದ ಮೇಲೆ ಇನ್ನೊಂದು ತನ್ನಷ್ಟಕ್ಕೆ ಬೀಳ್ತದೆ, ಇದು ಹೆಚ್ಚಾಗಿ ಕಾಣಸಿಗುದು ಪಾರ್ಟಿ ಸೀನಿನಲ್ಲಿ, ರೇಡಿಯೋ ಮತ್ತು ಪ್ಲೇಯರ್ ಒಟ್ಟಿಗೆ ಇರುವ, ಕಪಾಟಿನಷ್ಟು ದೊಡ್ಡ ರೇಡಿಯೋಗ್ರಾಮಿನ ಒಳಗೆ. ಇನ್ನು ಪ್ಲೇಟು ತಿರುಗುದು ಕಂಡ್ರೆ ಮೊಬೈಲಿನಲ್ಲಿ ಸೆಕೆಂಡ್ ಹಿಡಿದು ಎಣಿಸಿ. 10 ಸೆಕೆಂಡಿಗೆ 13 ಸುತ್ತು ಬಂದ್ರೆ 78ರ ಪ್ಲೇಟು, ಅಂದ್ರೆ ನಿಮಿಷಕ್ಕೆ 78 ಸುತ್ತಿನದ್ದು, ಐದೂವರೆ ಸುತ್ತು ಬಂದ್ರೆ ಎಲ್ಪಿ, ಅಂದ್ರೆ ನಿಧಾನ ತಿರುಗಿ ತುಂಬ ಹೊತ್ತು ಹಾಡುವ ಪ್ಲೇಟು. ಎಲ್ಪಿ ಅಮೆರಿಕದಲ್ಲಿ ಬಂದದ್ದೇ 1948ರಲ್ಲಿ, ಅದು ಗೊತ್ತಿದ್ರೆ ಎಷ್ಟೋ ಸಿನಿಮಾದ ತಪ್ಪು ತನ್ನಷ್ಟಕ್ಕೆ ಕಾಣ್ತದೆ.

ನಂಗೆ ಬೇಜಾರಾಗುದು ಅಲ್ಲೇ. ಈಗ ಯಾರೇ ಹಳೆ ಕಾಲದ ಕತೆ ಅಂತ ಸಿನಿಮಾ ಮಾಡ್ಲಿ, ಸೀರಿಯಲ್ ಮಾಡ್ಲಿ, ಪಳಪಳ ಹೊಳೆಯುವ ಹಿತ್ತಾಳೆ ಹಾರ್ನಿನ ಒಂದು ಗ್ರಾಮಫೋನು ಇಟ್ಟುಬಿಡ್ತಾರೆ. ಕತೆ 1930ರದ್ದಾದ್ರೂ ಅದೇ, 1965ರದ್ದಾದ್ರೂ ಅದೇ, ಬಡ ಮೇಷ್ಟ್ರ ಮನೆಯಾದ್ರೂ ಅದೇ. ಹೋದ ವರ್ಷ ಮಂಗಳೂರಲ್ಲಿ ಮಾಲಿನ ಥಿಯೇಟರಲ್ಲಿ ಒಂದು ಸಿನಿಮಾ ನೋಡಿದೆ, ಸ್ವಾತಂತ್ರ್ಯಕ್ಕೆ ಮುಂಚಿನ ಕತೆ, ಅದರಲ್ಲಿ ಆ ಹಾರ್ನ್ ಮೆಷಿನ್ನಿನ ಮೇಲೆ ತಿರುಗ್ತಾ ಇದ್ದದ್ದು ಎಲ್ಪಿ! ಸೌಂಡ್ ಬಾಕ್ಸ್ ಮತ್ತು ಸ್ಟೀಲ್ ಪಿನ್ನಿನ ಭಾರ ನೂರು ಗ್ರಾಮಿಗಿಂತ ಹೆಚ್ಚು, ಎಲ್ಪಿಗೆ ಬೇಕಾದ್ದು ಎರಡು ಮೂರು ಗ್ರಾಂ. ಒಂದೇ ಸಲ ಹಾಕಿದ್ರೆ ಸಾಕು, ಆ ಎಲ್ಪಿಯ ಕತೆ ಮುಗೀತು. ಪಕ್ಕದಲ್ಲಿದ್ದ ಫ್ರೆಂಡ್ "ಅಷ್ಟೆಲ್ಲ ಯಾರು ನೋಡ್ತಾರೆ, ಎಂತಕ್ಕೆ ತಲೆಬಿಸಿ" ಅಂದ. ನಾವು ನೋಡ್ತೇವಲ್ಲ ಮಾರಾಯ. ಸೀರೆಯ ಅಂಚು ಸರಿ ಇರ್ಬೇಕು, ಮೀಸೆ ಸರಿ ಇರ್ಬೇಕು ಅಂತ ಅಷ್ಟು ಖರ್ಚು ಮಾಡುವವರು ಇದೊಂದನ್ನು ಒಬ್ಬ ಅಜ್ಜನ ಹತ್ರ ಕೇಳಿದ್ರೆ ಆಗ್ತಿತ್ತು.

ಹಾರ್ನಿನ ಮೆಷಿನ್ ನಮ್ಮಲ್ಲಿ ಇರ್ಲೇ ಇಲ್ಲ ಅಂತ ನಾನು ಹೇಳುದಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ರೆಕಾರ್ಡಿಗೆ ಹಾಡಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಕೂಗಿ ಹೇಳಿದ್ರಲ್ಲ, ಆ ಪ್ಲೇಟುಗಳನ್ನು ಜನ ಕೇಳಿದ್ದೇ ಅಂಥಾ ಮೆಷಿನ್ನುಗಳಲ್ಲಿ. ಜರ್ಮನ್ ಡೈರೆಕ್ಟರ್ ಹೆರ್ಜೋಗ್ 1982ರಲ್ಲಿ ಮಾಡಿದ ಫಿಟ್ಸ್‌ಕರಾಲ್ಡೋ ಸಿನಿಮಾದಲ್ಲಿ ಹಡಗಿನ ಮೇಲೆ ಗ್ರಾಮಫೋನು ಇಟ್ಟು ಕಾಡಿಗೆಲ್ಲ ಇಟಲಿಯ ಒಪೆರಾ ಗಾಯಕ ಕರೂಸೋನ ಹಾಡು ಕೇಳಿಸ್ತಾರೆ, ಅಲ್ಲಿ ಹಾರ್ನ್ ಬೇಕೇ ಬೇಕು, ಕಾಲವೂ ಅದೇ. ಆದ್ರೆ ಈಗ ಸಿಗುವ ಹಿತ್ತಾಳೆ ಹಾರ್ನಿನವುಗಳಲ್ಲಿ ಹೆಚ್ಚಿನವು ಹಳತೇ ಅಲ್ಲ, ಯಾವುದೋ ಹಳೆ ಪೋರ್ಟೆಬಲ್ಲಿನ, ಅಂದ್ರೆ ಪೆಟ್ಟಿಗೆಯ ಹಾಗಿನ ಗ್ರಾಮಫೋನಿನ, ಮೋಟರು ಬಿಚ್ಚಿ ಹೊಸ ಡಬ್ಬಿಗೆ ಹಾಕಿ, ಎದುರಿಗೆ ಎಚ್ಎಂವಿ ಕಂಪೆನಿಯ ನಾಯಿ ಚಿತ್ರದ ಬಿಲ್ಲೆ ಹೊಡೆದು ಮಾರುದು. ನಾನೂ ಒಮ್ಮೆ ಮೋಸ ಹೋಗಿದ್ದೇನೆ, ಸಣ್ಣ ದುಡ್ಡಲ್ಲ ಅದು. ಒಂದು ಶೋಪೀಸಿಗೋಸ್ಕರ ಒಂದು ಒಳ್ಳೆ ಪೋರ್ಟೆಬಲ್ ಹಾಳಾಯ್ತಲ್ಲ ಅಂತ ಈಗಲೂ ಸಂಕಟ ಆಗ್ತದೆ.

ಮೊನ್ನೆ ಸಿನಿಮಾದಲ್ಲಿ ಇದ್ದದ್ದು ಅಂಥದ್ದೇ ಒಂದು ಪೋರ್ಟೆಬಲ್, ಎಚ್ಎಂವಿಯ 102. 1931ರಲ್ಲಿ ಬಂದ ಮಾಡೆಲ್ಲು, ಸೂಟ್‌ಕೇಸಿನ ಹಾಗೆ ಕೈಯಲ್ಲಿ ಹಿಡ್ಕೊಂಡು ಹೋಗ್ಲಿಕ್ಕೆ ಆಗ್ತದೆ, ಹಾರ್ನ್ ಪೆಟ್ಟಿಗೆಯ ಒಳಗೇ. ನಾನು ಝೂಮ್ ಮಾಡಿ ತೋರಿಸಿದ್ದೇ ಅಮ್ಮ ಕನ್ನಡಕ ಹಾಕ್ಕೊಂಡು ಟಿವಿ ಹತ್ರ ಹೋಗಿ "ಇದು ದೊಡ್ಡಪ್ಪನ ಪೆಟ್ಟಿಗೆ ಅಲ್ಲನಾ" ಅಂದ್ರು. ಅವರ ದೊಡ್ಡಪ್ಪ ಬೊಂಬಾಯಿಯಲ್ಲಿ ಹೋಟೆಲಲ್ಲಿದ್ದವರು, ಮಳೆಗಾಲಕ್ಕೆ ಊರಿಗೆ ಬರುವಾಗ ತಂದದ್ದಂತೆ. ಒಂದು ಬದಿ ಹಾಕಿದ ಕೂಡ್ಲೇ ಪಿನ್ನು ಬದಲಿಸ್ಲೇಬೇಕು ಅಂತ ಅವರ ಕಟ್ಟುನಿಟ್ಟು. ಅದು ಸರಿಯೇ, ಅರಗಿನ ಪ್ಲೇಟಿಗೆ ಕಲ್ಲಿನ ಪುಡಿ ಸೇರಿಸ್ತಿದ್ರು, ಮೂರು ನಿಮಿಷದಲ್ಲಿ ಪಿನ್ನಿನ ಮೊನೆ ಸವೆದು ಹೋಗ್ತದೆ, ಅದೇ ಪಿನ್ನಲ್ಲಿ ಮತ್ತೊಂದು ಹಾಕಿದ್ರೆ ಪ್ಲೇಟು ಕೊರೀತದೆ. ಸವೆದ ಪಿನ್ನು ಹೆಕ್ಕಿ ಒಂದು ಚಿಪ್ಪಿನಲ್ಲಿ ಹಾಕುದು ಅಮ್ಮನ ಕೆಲಸ, ನೆಲಕ್ಕೆ ಬಿದ್ರೆ ಮಕ್ಕಳ ಕಾಲಿಗೆ ಹೊಗ್ತದೆ ಅಂತ. ಇಷ್ಟು ವರ್ಷ ಇದನ್ನು ಒಂದು ದಿನ ಹೇಳಿರ್ಲಿಲ್ಲ ಅವರು! ಆ ಸೀನ್ ಬರ್ಬೇಕಾಯ್ತು.

ನಿನ್ನೆ ಬ್ರಹ್ಮಾವರದ ಹತ್ರ ಅಮ್ಮನ ತವರಿಗೆ ಹೋಗಿ ಅಟ್ಟ ಹತ್ತಿಸಿ ಮಾವನ ಹತ್ರ ಹುಡುಕಿಸಿದೆ. ಸಿಕ್ತು! ಹಳೆ ಪಂಚಾಂಗದ ರಾಶಿ ಅಡಿಯಲ್ಲಿ. ತಿರುಗುವ ತಟ್ಟೆಯ ಬಟ್ಟೆಗೆ ಪೂರ್ತಿ ಬೂಷ್ಟು ಹಿಡಿದಿದೆ, ಕೈ ಮೇಲಿನ ಹೊಳಪು ಅಲ್ಲಲ್ಲಿ ಎದ್ದು ಬಂದಿದೆ, ಮೂಲೆಯ ಪಿನ್ನಿನ ಡಬ್ಬಿ ತುಕ್ಕು ಹಿಡಿದು ತೆರೀಲಿಕ್ಕೇ ಆಗುದಿಲ್ಲ. ಆದ್ರೆ ಸೌಂಡ್ ಬಾಕ್ಸ್ ಸರಿ ಉಂಟು, ಮುಚ್ಚಳದಲ್ಲಿ ಒಂದು ಪ್ಲೇಟು ಸಹ ಉಂಟು, ಅಂಚು ಮುರಿದದ್ದು. ಹ್ಯಾಂಡಲ್ ಹಾಕಿ ತಿರುಗಿಸಿದ್ರೆ ಎಷ್ಟು ತಿರುಗಿಸಿದ್ರೂ ಬಿಗಿ ಆಗುದಿಲ್ಲ, ಸ್ಪ್ರಿಂಗ್ ತುಂಡಾಗಿರ್ಬೇಕು. ಉಡುಪಿ, ಮಂಗಳೂರು, ಕಾಸರಗೋಡು ಬದಿಯಲ್ಲಿ ಗ್ರಾಮಫೋನಿನ ಸ್ಪ್ರಿಂಗ್ ಹಾಕಿ ಗೊತ್ತಿದ್ದವರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ. ಹಾರ್ನ್ ಹಾಕಿ ಶೋಪೀಸ್ ಮಾಡಿ ಕೊಡ್ತೇವೆ ಅನ್ನುವವರು ಬೇಡ, ಅಮ್ಮನಿಗೆ ಅದ್ರಲ್ಲಿ ಹಾಡು ಕೇಳ್ಬೇಕಂತೆ.