ಮುಚ್ಚಳ ತೆಗೆಯಬೇಡಿ

ನಮ್ಮ ಮನೆಯ ದೊಡ್ಡ ಇಡ್ಲಿ ಪಾತ್ರೆಗೆ ಈಗ ತಳ ಇಲ್ಲ. ಹೊಟ್ಟೆಯ ಸುತ್ತ ಏಳು ತೂತುಗಳಿವೆ. ನೆಂಟರೆದುರು ಈ ವಿಷಯ ಬಂದರೆ ಹೆಂಡತಿ "ಅವರನ್ನೇ ಕೇಳಿ" ಎಂದು ಒಳಗೆ ಎದ್ದು ಹೋಗುತ್ತಾಳೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದೇ ವಾಸಿ.

ಶುರುವಾದದ್ದು ಭಾವಮೈದನಿಂದ. ಅವನು ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೋಳಿ ಸುಡಲೆಂದು ಪುಟ್ಟದೊಂದು ಕೆಟಲ್ ಗ್ರಿಲ್ ಕೊಂಡಿದ್ದ. ಎರಡನೇ ಭಾನುವಾರವೇ ಮೇಲಿನ ಮಹಡಿಯವರು ಒಣಹಾಕಿದ್ದ ಬಟ್ಟೆ ಸಮೇತ ಇಳಿದು ಬಂದು ಬಾಗಿಲು ಬಡಿದರಂತೆ. ಮೇ ರಜೆಗೆ ಕಾರವಾರಕ್ಕೆ ಬಂದವನು ಅದನ್ನು ನಮ್ಮಲ್ಲಿ ಇಳಿಸಿ, "ನಿಮಗೆ ಜಾಗ ಉಂಟು ಭಾವ" ಎಂದು ಹೊರಟುಹೋದ. ಕೋಡಿಬಾಗದ ನಮ್ಮ ಹಿತ್ತಲಲ್ಲಿ ನಾಲ್ಕು ತೆಂಗು, ಒಂದು ಪೇರಲ ಮರ, ಒಂದು ಬಾವಿ. ಜಾಗ ಉಂಟು, ನಿಜ. ಬುದ್ಧಿ ಉಂಟೋ ಎಂದು ಅವನು ವಿಚಾರಿಸಲಿಲ್ಲ.

ಕೆಟಲ್ ಎಂದರೆ ಚಹಾದ್ದಲ್ಲ. ಮೂರು ಕಾಲಿನ ಮೇಲೆ ಗುಂಡನೆಯ ತಗಡಿನ ಬೋಗುಣಿ, ಅಂಥದ್ದೇ ಇನ್ನೊಂದನ್ನು ಬೋರಲು ಹಾಕಿದಂತೆ ಮುಚ್ಚಳ. ಅಡ್ಡಗಲ 37 ಸೆಂಟಿಮೀಟರ್. ತಳಕ್ಕೊಂದು ಗಾಳಿಕಂಡಿ, ಮುಚ್ಚಳಕ್ಕೊಂದು ಗಾಳಿಕಂಡಿ, ಎರಡಕ್ಕೂ ತಿರುಗಿಸುವ ಬಿಲ್ಲೆ. ಅಡಿಯಲ್ಲಿ ಇದ್ದಿಲು, ನಾಲ್ಕು ಬೆರಳು ಮೇಲೆ ಜಾಲರಿ. ಅದರ ಮೇಲೆ ಬಂಗಡೆ ಇಟ್ಟೆ. ಐದು ನಿಮಿಷದಲ್ಲಿ ಹೊರಗೆ ಕರಿ, ಒಳಗೆ ಹಸಿ. ಅವ್ವ ಬಾಲ ಹಿಡಿದು ಎತ್ತಿ ನೋಡಿ, "ಇದಕ್ಕೆ ಇಷ್ಟು ದೊಡ್ಡ ಒಲೆ ಎಂತಕಾ ತಮಾ? ಬೆಂಕಿಪೊಟ್ಟಣ ಸಾಕಾಗಿತ್ತು" ಎಂದಳು.

ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳುತ್ತಿರುವ ಮಾಸ್ತರನಿಗೆ ಈ ಮಾತು ನಾಟದೆ ಇರುತ್ತದೆಯೇ? ಅಷ್ಟರಲ್ಲಿ ಜೂನ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಬೈತಖೋಲ ಬಂದರಿನಲ್ಲಿ ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ಹೊರಗೆ ಕಾರವಾರದ ಮಳೆ, ತಟ್ಟೆಯಲ್ಲಿ ಒಣಮೀನು. ಇಂಥ ಹೊತ್ತಲ್ಲಿ ಗಂಡಸರ ತಲೆಗೆ ಯೋಜನೆಗಳು ಬರಬಾರದು. ನನಗೆ ಬಂತು. ಈ ಗ್ರಿಲ್ಲನ್ನು ಸ್ಮೋಕರ್, ಅಂದರೆ ಮೀನನ್ನು ಹೊಗೆಯಲ್ಲಿ ನಿಧಾನಕ್ಕೆ ಬೇಯಿಸುವ ಒಲೆ, ಮಾಡಬೇಕು!

ತತ್ವ ಸರಳ. ಮೀನಿಗೂ ಕೆಂಡಕ್ಕೂ ನಡುವೆ ಒಂದು ಮೊಳ ಅಂತರ ಬೇಕು, ಆ ಅಂತರದಲ್ಲಿ ಬೆಂಕಿಯ ಝಳ ನೇರವಾಗಿ ತಾಗದಂತೆ ಒಂದು ತಡೆ ಬೇಕು, ಕೆಂಡ ಧಗಧಗ ಉರಿಯದೆ ಗಂಟೆಗಟ್ಟಲೆ ಕನಲುತ್ತಿರಬೇಕು. ಅಮೆರಿಕದಲ್ಲಿ ಜನ ಇದೇ ಅಳತೆಯ ಗ್ರಿಲ್ಲಿನ ಬೋಗುಣಿಗೂ ಮುಚ್ಚಳಕ್ಕೂ ನಡುವೆ ತಮಾಲೆ ಬೇಯಿಸುವ ಎತ್ತರದ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಕೂರಿಸಿ ಸ್ಮೋಕರ್ ಮಾಡಿಕೊಳ್ಳುತ್ತಾರೆ. ತಮಾಲೆ ಎಂದರೆ ಮೆಕ್ಸಿಕೋದವರು ಮೆಕ್ಕೆಜೋಳದ ಹಿಟ್ಟನ್ನು ಅದರದೇ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ತಿಂಡಿ. ನಮ್ಮ ಅರಿಶಿನ ಎಲೆಯ ಕಡುಬಿಗೆ ದೂರದ ದಾಯಾದಿ. ಕಡುಬಿನ ಪಾತ್ರೆ ಅವರಿಗೆ ಆಗುತ್ತದಾದರೆ ಇಡ್ಲಿ ಪಾತ್ರೆ ನಮಗೇಕೆ ಆಗಬಾರದು?

ಬೋಗುಣಿಯ ಬಾಯಿಯನ್ನು ದಾರದಲ್ಲಿ ಅಳೆದು, ಗಂಟು ಹಾಕಿ, ದಾರ ಜೇಬಿನಲ್ಲಿಟ್ಟುಕೊಂಡು ಪೇಟೆಯ ಪಾತ್ರೆ ಅಂಗಡಿಗಳನ್ನೆಲ್ಲ ಸುತ್ತಿದೆ. ಒಂದು ಪಾತ್ರೆ ಎರಡು ಬೆರಳು ಚಿಕ್ಕದು, ಒಳಗೆ ಬಿದ್ದುಹೋಗುತ್ತದೆ. ಇನ್ನೊಂದು ಮೂರು ಬೆರಳು ದೊಡ್ಡದು, ಮುಚ್ಚಳ ಕೂರುವುದಿಲ್ಲ. ಒಬ್ಬ ಅಂಗಡಿಯವರು "ಎಷ್ಟು ಜನರಿಗೆ ಸರ್?" ಎಂದು ಕೇಳಿದರು. "ಎಂಟು ಬಂಗಡೆಗೆ" ಎಂದೆ. ಆಮೇಲೆ ಅವರು ಬೇರೆ ಗಿರಾಕಿಯ ಕಡೆ ತಿರುಗಿದರು. ಸೋತು ಮನೆಗೆ ಬಂದು ಅಂಗಾತ ಮಲಗಿದಾಗ ಅಟ್ಟದ ಮೇಲೆ ಅದು ಕಂಡಿತು. ಹೆಂಡತಿಯ ತವರಿನಿಂದ ಬಂದ, ಮದುವೆ-ಮುಂಜಿಗೆ ಮಾತ್ರ ಕೆಳಗಿಳಿಯುವ ಇಡ್ಲಿ ಪಾತ್ರೆ. ಏಣಿ ಇಟ್ಟು ಹತ್ತಿ ದಾರ ಹಿಡಿದೆ. ಗಂಟಿಗೆ ಗಂಟು ಸರಿಯಾಗಿ ಕೂತಿತು. ಮದುವೆಯ ದಿನ ಜಾತಕ ಕೂಡಿತೆಂದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಹೆಂಡತಿ ನಾಮಕರಣಕ್ಕೆಂದು ಅಂಕೋಲೆಗೆ ಹೋಗಿದ್ದ ದಿನ ಪಾತ್ರೆಯನ್ನು ಗೋಣಿಯಲ್ಲಿ ಸುತ್ತಿ ವೆಲ್ಡಿಂಗ್ ಶಾಪಿಗೆ ಒಯ್ದೆ. ತಳವನ್ನು ಪೂರ್ತಿ ತೆಗೆಯದೆ ಒಂದಿಂಚು ಅಂಚು ಬಿಟ್ಟು ಕತ್ತರಿಸಬೇಕು, ಆ ಅಂಚಿನ ಮೇಲೆ ಝಳ ತಡೆಯುವ ತಟ್ಟೆ ಕೂರುತ್ತದೆ. ಮೇಲೆ ಎರಡು ಜಾಲರಿಗೆ ಮೂರು ಮೂರು ಬೋಲ್ಟು, ಥರ್ಮಾಮೀಟರಿಗೆ ಒಂದು ತೂತು. ಮೇಸ್ತ್ರಿ ಎಲ್ಲ ಕೇಳಿ, "ತಟ್ಟೆ ಎಂತಕ್ಕೆ ಮಾಸ್ತರೇ, ಇಲ್ಲೇ ಜಿಐ ಶೀಟಿನ ತುಂಡು ಉಂಟಲ್ಲ, ಕತ್ತರಿಸಿ ಕೊಡ್ತೆ" ಎಂದ. ಕೆಂಡದ ನೆತ್ತಿಯ ಮೇಲೆ ಸತುವಿನ ಲೇಪದ ತಗಡು ಇಡಬಾರದು, ಸತು ಕಾದರೆ ಬರುವ ಹೊಗೆ ಜ್ವರ ಹಿಡಿಸುತ್ತದೆ ಎಂದು ಅವನಿಗೆ ಹತ್ತು ನಿಮಿಷ ಪಾಠ ಮಾಡಿ, ಹೂಕುಂಡದ ಅಡಿಯ ಮಣ್ಣಿನ ತಟ್ಟೆಯೇ ಇರಲಿ ಎಂದೆ. ಈ ಇಡೀ ಪ್ರಕರಣದಲ್ಲಿ ನನ್ನ ವಿಜ್ಞಾನ ಕೆಲಸಕ್ಕೆ ಬಂದದ್ದು ಅದೊಂದೇ ಸಲ. ಪಾಠ ಮಾಡುವ ಭರದಲ್ಲಿ ಡ್ರಿಲ್ ಎಲ್ಲಿ ಇಳಿಯುತ್ತಿದೆ ಎಂದು ನೋಡಲಿಲ್ಲ.

ಮನೆಗೆ ತಂದು ಒರೆಸುವಾಗ ನೋಡಿದೆ. ಪಾತ್ರೆಯ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅಕ್ಷರ ಕೆತ್ತಿತ್ತು: 'ಸೋದರಮಾವನ ಮುಯ್ಯಿ'. ಮೂರನೇ ಬೋಲ್ಟು 'ದ'ವನ್ನು ನುಂಗಿ ಕೂತಿತ್ತು. ಈಗ ಅಲ್ಲಿ ಓದಲು ಸಿಗುವುದು 'ಸೋ', ಒಂದು ಬೋಲ್ಟು, ಆಮೇಲೆ 'ರಮಾವನ ಮುಯ್ಯಿ'.

ಹೆಂಡತಿ ಅಂಕೋಲೆಯಿಂದ ಬಂದಳು, ನೋಡಿದಳು. ಬೈಯಲಿಲ್ಲ. ಪಾತ್ರೆಯನ್ನು ಕಣ್ಣೆತ್ತರಕ್ಕೆ ಎತ್ತಿ ಅದರ ಮೂಲಕ ನನ್ನನ್ನು ನೋಡಿದಳು. ತಳವಿಲ್ಲದ್ದರಿಂದ ನಾನು ಪೂರ್ತಿಯಾಗಿ ಕಂಡಿರಬೇಕು.

ನವರಾತ್ರಿಯ ಒಂಬತ್ತು ದಿನ ನಮ್ಮಲ್ಲಿ ಮೀನಿಲ್ಲ. ಆದ್ದರಿಂದ ಅದು ಮುಗಿದ ಮೇಲಿನ ಭಾನುವಾರ ಪ್ರಯೋಗಕ್ಕೆ ಮುಹೂರ್ತವಾಯಿತು. ಎಂಟು ಬಂಗಡೆ ತಂದೆ. ಹೊಗೆ ಹಿಡಿಯಲು ಎಣ್ಣೆ ಅಂಶದ ಮೀನೇ ಸರಿ, ಬಂಗಡೆ ಅಥವಾ ತಾರ್ಲೆ. ಹೊಟ್ಟೆ ಸೀಳಿ ತೊಳೆದು, ಲೀಟರ್ ನೀರಿಗೆ 70 ಗ್ರಾಂ ಉಪ್ಪು ಕರಗಿಸಿ ಒಂದು ಗಂಟೆ ಮುಳುಗಿಸಿಟ್ಟೆ. ತೆಗೆದು ಒರೆಸಿ ಗಾಳಿಗೆ ಇಡಬೇಕು. ಚರ್ಮ ಒಣಗಿ, ಬೆರಳಿಟ್ಟರೆ ಹಲಸಿನ ಮೇಣ ಆರಿದ ಹಾಗೆ ಸ್ವಲ್ಪವೇ ಅಂಟಬೇಕು, ಆಗಲೇ ಹೊಗೆ ಕೂರುವುದು. ಒದ್ದೆ ಮೀನಿಗೆ ಹೊಗೆ ಹಿಡಿಯುವುದಿಲ್ಲ, ಮಸಿ ಹಿಡಿಯುತ್ತದೆ. ಈ ಅಂಟನ್ನು ಪರೀಕ್ಷಿಸಲು ನಾನು ಮೂರು ಸಲ ಹೋದೆ. ಮೂರನೇ ಸಲ ಹೋದಾಗ ಆರೇ ಮೀನಿದ್ದವು. ಬಾವಿಕಟ್ಟೆಯ ಹಿಂದೆ ಬೆಕ್ಕು ನನಗಿಂತ ಮೊದಲೇ ಫಲಿತಾಂಶ ಪ್ರಕಟಿಸುತ್ತಿತ್ತು.

ಇದ್ದಿಲು ತಂದದ್ದು ಇಸ್ತ್ರಿಯವನಿಂದ, ತೆಂಗಿನ ಕರಟದ್ದು. ಸೀಮೆಎಣ್ಣೆ ಮುಟ್ಟಿಸುವಂತಿಲ್ಲ, ವಾಸನೆ ಮೀನಿಗೆ ಹೋಗುತ್ತದೆ. ಹೊತ್ತಿಸದ ಇದ್ದಿಲು ರಾಶಿ ಮಾಡಿ, ಅದರ ನೆತ್ತಿಯ ಮೇಲೆ ಏಳೆಂಟು ಕೆಂಡ ಮಾತ್ರ ಇಡಬೇಕು. ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಹತ್ತಿಕೊಳ್ಳುತ್ತ ಹೋದರೆ ಮೂರು ಗಂಟೆಗೆ ಚಿಂತೆಯಿಲ್ಲ. ಹೊಗೆಗೆ ಪೇರಲದ ಒಣಗಿದ ಕೊಂಬೆ. ಗೇರುಬೀಜದ ಸಿಪ್ಪೆ ಒಂದು ಮುಷ್ಟಿ ಹಾಕೋಣವೇ ಎಂದು ಯೋಚಿಸುತ್ತಿದ್ದೆ. ಅವ್ವ ಕೈಯಿಂದ ಕಸಿದುಕೊಂಡಳು. ಆ ಸಿಪ್ಪೆಯ ಎಣ್ಣೆ ತಾಗಿ ಬೊಬ್ಬೆ ಎದ್ದ ಕೈ ಅವಳದು, ಅದರ ಹೊಗೆ ಗಂಟಲಿಗೆ ಇಳಿದರೆ ಏನಾದೀತೆಂದು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

ಶಾಲೆಯ ಥರ್ಮಾಮೀಟರ್ 110 ಡಿಗ್ರಿಗೆ ಮುಗಿಯುತ್ತದೆ, ಒಳಗೆ ಪಾದರಸ ಬೇರೆ. ಅದನ್ನು ಊಟದ ಹತ್ತಿರ ತರುವ ಹಾಗಿಲ್ಲವೆಂದು ಮುಳ್ಳಿನದೊಂದು ತರಿಸಿದ್ದೆ. ಕುದಿಯುವ ನೀರಿಗೆ ಅದ್ದಿದರೆ 92 ತೋರಿಸಿತು. ಶಿರಸಿಯಲ್ಲಾದರೆ ಎತ್ತರದ ಕಾರಣಕ್ಕೆ ನೀರು 98ಕ್ಕೇ ಕುದಿಯುತ್ತದೆ ಎಂದು ಅದನ್ನು ಅಷ್ಟಿಷ್ಟು ಕ್ಷಮಿಸಬಹುದಿತ್ತು. ಕಡಲ ಮಗ್ಗುಲಲ್ಲೇ ಇರುವ ಕಾರವಾರದಲ್ಲಿ ನೂರು ಅಂದರೆ ನೂರೇ. ಎಂಟು ಕೂಡಿಸಿ ಓದಬೇಕೆಂದು ಸೀಮೆಸುಣ್ಣದಲ್ಲಿ ಪಾತ್ರೆಯ ಮೇಲೇ ಬರೆದೆ. ಬಂಗಡೆಗೆ ಸುಮಾರು 90ರ ಶಾಖ ಸಾಕು. ಮೀನಿನ ನಡುಭಾಗ 63 ದಾಟಿದರೆ ಬೆಂದ ಲೆಕ್ಕ.

ಹತ್ತು ಗಂಟೆಗೆ ಮುಚ್ಚಿದೆ. ಹತ್ತೂವರೆಗೆ ಸರಿಯಾಗಿ 90. ಮೊದಲ ದಪ್ಪ ಬಿಳಿ ಹೊಗೆ ಹೋಗಿ, ನೀಲಿ ಛಾಯೆಯ ತೆಳು ಹೊಗೆ ಬರತೊಡಗಿತು. ಬೇಕಾದದ್ದು ಅದೇ, ಬಿಳಿಯದು ಕಹಿ. ನಾನು ಕುರ್ಚಿ ಹಾಕಿ ಕೂತು ಕಾಲು ಚಾಚಿದೆ.

ಸ್ಮೋಕರಿಗೆ ಒಂದೇ ನಿಯಮ: ಮುಚ್ಚಳ ತೆಗೆಯಬಾರದು. ತೆಗೆದರೆ ಶಾಖ ಹಾರಿಹೋಗುತ್ತದೆ, ಗಾಳಿ ನುಗ್ಗಿ ಕೆಂಡ ಕೆರಳುತ್ತದೆ, ಮತ್ತೆ ಹದಕ್ಕೆ ಬರಲು ಕಾಲು ಗಂಟೆ. ಆದರೆ ಮುಚ್ಚಿದ ಪಾತ್ರೆಯನ್ನು ಮುಚ್ಚಿದಂತೆಯೇ ಬಿಟ್ಟು ಹೋಗುವ ಜನ ನಮ್ಮ ಕೇರಿಯಲ್ಲಿ ಇನ್ನೂ ಹುಟ್ಟಿಲ್ಲ. ಹಾಲಿನವನು ಬಂದ, "ಎಂತ ಬೇಯ್ತದೆ?" ಎಂದು ತೆಗೆದು ನೋಡಿದ. ಮಗಳ ಗೆಳತಿಯರು ಮೂವರು ಬಂದರು, ಮೂರು ಸಲ. ವಿದ್ಯುತ್ ಮೀಟರ್ ಓದುವವರು ಮೀಟರ್ ಬಿಟ್ಟು ಥರ್ಮಾಮೀಟರ್ ಓದಿದರು, ಎಂಟು ಕೂಡಿಸದೆ. ಅವ್ವ ಎರಡು ಸಲ. ಬರುವವರನ್ನೆಲ್ಲ ತಡೆದು ನಿಲ್ಲಿಸಿ, ಯಾಕೆ ತೆಗೆಯಬಾರದೆಂದು ತೆಗೆದು ತೋರಿಸಿದ್ದರಿಂದ ನಾನೂ ಎರಡು ಸಲ. ಕೊನೆಗೆ ಮಗಳ ಹಳೆಯ ಪಾಟಿಯಲ್ಲಿ 'ಮುಚ್ಚಳ ತೆಗೆಯಬೇಡಿ' ಎಂದು ಬರೆದು ಒರಗಿಸಿದೆ. ಅಲ್ಲಿಯವರೆಗೆ ರಸ್ತೆಯಲ್ಲೇ ಹೋಗುತ್ತಿದ್ದವರೂ ಗೇಟು ದಾಟಿ ಒಳಗೆ ಬಂದರು.

ಪಕ್ಕದ ಮನೆಯ ಹೆಗಡೆಯವರು ಮಾತ್ರ ಬೇಲಿಯಾಚೆಯೇ ನಿಂತರು. ಶಿರಸಿ ಕಡೆಯವರು, ಮೀನಿನ ಮುಚ್ಚಳ ಅವರು ತೆಗೆಯುವಂತಿಲ್ಲ. ಹೆಗಲ ಮೇಲಿನ ಟವೆಲಿನಲ್ಲಿ ಮೂಗು ಮುಚ್ಚಿಕೊಂಡೇ, "ಹೊಗೆ ಚೆನ್ನಾಗಿ ಹೊಂಟದೆ ಮಾಸ್ತರೇ" ಎಂದು ಪ್ರೋತ್ಸಾಹಿಸಿದರು. ಅವರ ಊರಲ್ಲಿ ಉಪ್ಪಾಗೆ, ಅಂದರೆ ಸಿಪ್ಪೆಯನ್ನು ಹುಳಿಗೆ ಬಳಸುವ ಕಾಡಿನ ಕಾಯಿ, ಹಣ್ಣಾಗುವುದೇ ಜಡಿಮಳೆಯಲ್ಲಿ. ಬಿಸಿಲೆಂಬುದಿಲ್ಲ, ಹಾಗಾಗಿ ಸಿಪ್ಪೆಯನ್ನು ತಟ್ಟಿಯ ಮೇಲೆ ಹರವಿ ಅಡಿಯಲ್ಲಿ ಹಗಲೂ ರಾತ್ರಿ ಬೆಂಕಿ ಹಾಕಿ ಹೊಗೆಯಲ್ಲೇ ಒಣಗಿಸುತ್ತಾರೆ. ಹುಡುಗನಾಗಿದ್ದಾಗ ರಾತ್ರಿ ಪಾಳಿಯಲ್ಲಿ ಕೂತು ಕುಂಟೆ ನೂಕುತ್ತಿದ್ದದ್ದು, ನಿದ್ದೆ ತೂಗಿ ಹುಬ್ಬು ಸುಟ್ಟುಕೊಂಡದ್ದು, ಬೀಜದಿಂದ ತೆಗೆದ ಉಪ್ಪಾಗೆ ತುಪ್ಪದಲ್ಲಿ ದೋಸೆ ಹೊಯ್ಯುತ್ತಿದ್ದದ್ದು, ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ಟವೆಲು ಮೂಗಿನಿಂದ ಗಲ್ಲಕ್ಕೆ, ಗಲ್ಲದಿಂದ ಹೆಗಲಿಗೆ ಇಳಿದದ್ದು ಅವರ ಗಮನಕ್ಕೆ ಬರಲಿಲ್ಲ. ನಾನೂ ಹೇಳಲಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಮುಳ್ಳು ಏರತೊಡಗಿತು. 110, 130, 150. ಮೇಲಿನ ಕಂಡಿ ಮುಚ್ಚಿದೆ, ಸಂದುಸಂದಿನಿಂದ ಬಿಳಿ ಹೊಗೆ ಬಂತು. ತೆಗೆದೆ, 170. ಅವ್ವ ಸೆರಗಿನಲ್ಲಿ ಮೂಗು ಒರೆಸುತ್ತ ಬಂದು, "ಗಾಳಿಗೆ ಬಾಯಿ ಕೊಟ್ಟು ಒಲೆ ಹೂಡೂದೇನಾ?" ಎಂದಳು. ಬಗ್ಗಿ ನೋಡಿದೆ. ಕೆಳಗಿನ ಗಾಳಿಕಂಡಿ ಪಡುವಣಕ್ಕೆ, ಕಡಲಿಗೆ ಮುಖ ಮಾಡಿ ಕೂತಿತ್ತು. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನಿಂದ ತಂಪು ಗಾಳಿ ನುಗ್ಗುತ್ತದೆ: ಕಡಲಗಾಳಿ. ಇದನ್ನು ಪ್ರತಿವರ್ಷ ಬಾಣದ ಗುರುತು ಹಾಕಿ ಬೋರ್ಡಿನ ಮೇಲೆ ಬರೆಸುತ್ತೇನೆ. ಬಾಣ ತಪ್ಪು ದಿಕ್ಕಿಗೆ ಹಾಕಿದವರಿಗೆ ಅರ್ಧ ಅಂಕ ಕಳೆಯುತ್ತೇನೆ.

ಬಿಸಿ ಸ್ಮೋಕರನ್ನು ಗೋಣಿ ಹಿಡಿದು ಇಬ್ಬರು ತಿರುಗಿಸುತ್ತಿರುವಾಗ ಗೇಟು ಸದ್ದಾಯಿತು. ಕುಮಟೆಯಿಂದ ಸೋದರಮಾವ!

ಹೆಂಡತಿ ನನ್ನ ಮುಖ ನೋಡಿದಳು. ನಾನು ಪಾತ್ರೆಯ ಅಕ್ಷರದ ಕಡೆ ಬೆನ್ನು ತಿರುಗಿಸಿ ನಿಂತೆ. ಬೆನ್ನು ಸುಟ್ಟಿತು, ಸರಿದೆ. ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಕುಡಿಯಲು ನೀರನ್ನೂ ಕೇಳದೆ ಸೀದಾ ಹಿತ್ತಲಿಗೆ ಬಂದು, ಪಾಟಿಯನ್ನು ಓದಿ, ಮುಚ್ಚಳ ತೆಗೆದರು. ಆಮೇಲೆ ಕನ್ನಡಕ ಹಾಕಿಕೊಂಡು ಪಾತ್ರೆಯ ಸುತ್ತ ನಿಧಾನಕ್ಕೆ ಒಂದು ಪ್ರದಕ್ಷಿಣೆ ಬಂದರು. 'ಸೋ' ಎಂದಲ್ಲಿ ನಿಂತರು. ಬೆರಳಿನಿಂದ ಬೋಲ್ಟು ಅಲುಗಿಸಿದರು.

"ವಾಷರ್ ಹಾಕ್ಲಿಲ್ವಾ ಮಾಸ್ತರೇ?"

"ಇಲ್ಲ ಮಾವ."

"ಹೊಗೆ ಸೋರ್ತದೆ. ಬರೆದೇ ಉಂಟಲ್ಲ, ಸೋರಮಾವ ಅಂತ."

ಹೆಂಡತಿ ಅಲ್ಲೇ ಬಾವಿಕಟ್ಟೆಯ ಮೇಲೆ ಕೂತು ನಗತೊಡಗಿದವಳು ಬಹಳ ಹೊತ್ತು ನಿಲ್ಲಿಸಲಿಲ್ಲ. ಮಾವನ ತಪಾಸಣೆ ಮಾತ್ರ ಮುಗಿಯಲಿಲ್ಲ. ಅಂಗಿ ತೋಳು ಮಡಚಿ ಕೆಳಗೆ ಕಣ್ಣು ಹಾಯಿಸಿ, ಬೂದಿ ಬಿದ್ದು ಗಾಳಿಕಂಡಿ ಅರ್ಧ ಮುಚ್ಚಿರುವುದನ್ನು ತೋರಿಸಿದರು. ಇದ್ದಿಲಿನ ಜಾಲರಿ ಎರಡಿಂಚು ಎತ್ತರಕ್ಕೆ ಬರಬೇಕಂತೆ. ಸ್ಪ್ಯಾನರ್ ಕೇಳಿದರು. ಮಾತಿನ ನಡುವೆ ಮುಚ್ಚಳ ಇನ್ನೆರಡು ಸಲ ತೆಗೆದರು. ನಾನು ಎಣಿಸುವುದನ್ನು ಬಿಟ್ಟಿದ್ದೆ.

ಒಂದೂವರೆಗೆ ಮೀನು ಇಳಿಸಿದೆವು. ಕೆಳಗಿನ ಜಾಲರಿಯ ಮೂರು ಮತ್ತೆ ಬೆಂಕಿಪೊಟ್ಟಣದ ಜಾತಿ. ಮೇಲಿನ ಮೂರು ಮಾತ್ರ ಬೇರೆಯೇ ಆಗಿದ್ದವು. ಚರ್ಮ ಹಳೆಯ ಹಿತ್ತಾಳೆಯ ಬಣ್ಣಕ್ಕೆ ತಿರುಗಿ ಮಿರಮಿರ ಹೊಳೆಯುತ್ತಿತ್ತು. ಬೆನ್ನಿನುದ್ದಕ್ಕೆ ಬೆರಳಾಡಿಸಿದರೆ ಎಸಳು ಎಸಳಾಗಿ ಮುಳ್ಳಿನಿಂದ ಬಿಟ್ಟು ಬಂತು, ಎಣ್ಣೆ ಬೆರಳ ಸಂದಿಗೆ ಇಳಿಯಿತು. ಗಂಜಿಗೆ ಹಾಕಿಕೊಂಡು ತಿಂದೆವು. ಅವ್ವ ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ಸುಮಾರು ಹೊತ್ತು ಅಗಿದು, "ಒಣಮೀನಾಗೂಕೆ ಹೊಂಟು ದಾರೀಲಿ ಮನಸು ಬದಲಾಯಿಸಿದಂಗೆ ಉಂಟು" ಎಂದು ಇನ್ನೊಂದು ತುಂಡಿಗೆ ಕೈ ಹಾಕಿದಳು. ಮಾವ ಒಂದಿಡೀ ಮೀನು ಮುಗಿಸಿ, ಹೊರಡುವಾಗ ನನ್ನ ಹತ್ತಿರ ಗಂಟು ಹಾಕಿದ ಆ ದಾರವನ್ನು ಕೇಳಿ ಜೇಬಿಗೆ ಹಾಕಿಕೊಂಡರು.

ದೀಪಾವಳಿಗೆ ಕುಮಟೆಯಿಂದ ಬಂದವರ ಕೈಯಲ್ಲಿ ದೊಡ್ಡದೊಂದು ಗಂಟು ಬಂತು. ಒಳಗೊಂದು ಪೊಟ್ಟಣದಲ್ಲಿ ಹನ್ನೆರಡು ಸ್ಟೀಲ್ ವಾಷರ್, ನನಗೆ. ಜೊತೆಗೊಂದು ಹೊಸ ಇಡ್ಲಿ ಪಾತ್ರೆ, ಹೆಂಡತಿಗೆ. ಬಾಯಿಯಿಂದ ತಳದವರೆಗೆ, ಬೆರಳಿಡಲು ಜಾಗವಿಲ್ಲದಂತೆ, ಸುತ್ತಲೂ ಏಳು ಸಾಲಿನಲ್ಲಿ ಒಂದೇ ಮಾತನ್ನು ಕೆತ್ತಿಸಿದ್ದರು: 'ಸೋದರಮಾವನ ಮುಯ್ಯಿ, ಎರಡನೇ ಸಲ, ಇಡ್ಲಿಗೆ ಮಾತ್ರ'.