ಒಗಟನ್ನು ಮೊದಲು ಕನ್ನಡದಲ್ಲೇ ಕೇಳಿ

ಬೆಂಗಳೂರಿನ ಗೆಳೆಯರಿಗೆ ನನ್ನದೊಂದು ಮನವಿ. ಕನ್ನಡ ಬಾರದವರ ಮುಂದೆ ಒಗಟು ಹೇಳುವಾಗ ಅದನ್ನು ಇಂಗ್ಲಿಷಿಗೋ ಹಿಂದಿಗೋ ತಿರುಗಿಸಿ ಹೇಳಬೇಡಿ. ಮೊದಲು ಕನ್ನಡದಲ್ಲೇ ಹೇಳಿ. ಅವರು ತಲೆ ಕೆರೆದುಕೊಳ್ಳಲಿ, ಒಂದೊಂದೇ ಪದದ ಅರ್ಥ ಕೇಳಲಿ. ಅರ್ಥ ಆಮೇಲೆ ಹೇಳಿ. ಉತ್ತರ ಇನ್ನೂ ಆಮೇಲೆ.

ನಾನಿರುವುದು ಪುಣೆಯಲ್ಲಿ. ಹಳೆಯ ಗೆಳೆಯರ ಬಳಗ ಮಾತ್ರ ಬೆಂಗಳೂರಿನದು. ಹಲಸೂರಿನ ಆಸುಪಾಸಿನಲ್ಲಿ ಒಟ್ಟಿಗೆ ಬೆಳೆದವರು ನಾವು. ಆ ಕಡೆ ಬೀದಿ ಒಂದಾದರೂ ಮನೆಮಾತು ಒಂದಲ್ಲ. 1809ರಲ್ಲಿ ಬ್ರಿಟಿಷರ ದಂಡು ಅಲ್ಲಿ ನೆಲೆಯೂರಿದ ಮೇಲೆ ಮದ್ರಾಸ್ ಕಡೆಯಿಂದ ಸಿಪಾಯಿಗಳು, ವ್ಯಾಪಾರಿಗಳು, ಕೆಲಸಗಾರರು ಬಂದು ಉಳಿದರು. ದಂಡು ಮತ್ತು ಹಳೆಯ ಊರಾದ ಪೇಟೆ ಒಂದೇ ಆಡಳಿತಕ್ಕೆ ಸೇರಿದ್ದು 1949ರಲ್ಲಿ. ಹಾಗಾಗಿ ನಮ್ಮ ಗುಂಪಿನಲ್ಲಿ ಒಬ್ಬನ ಮನೆಯಲ್ಲಿ ತಮಿಳು, ಒಬ್ಬಳ ಮನೆಯಲ್ಲಿ ತೆಲುಗು, ಇನ್ನೊಬ್ಬನದು ಉರ್ದು, ಮತ್ತೊಬ್ಬಳು ಮಲಯಾಳಿ. ಈಗ ರಾತ್ರಿ ಊಟ ಆದಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಗೊಬ್ಬರು ಒಗಟು ಹಾಕುತ್ತೇವೆ.

ಇಲ್ಲಿ ಬೆಂಗಳೂರಿನ ರೀತಿಗೂ ಪುಣೆಯ ರೀತಿಗೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನವರು ಎದುರಿಗಿರುವವರ ಭಾಷೆಗೆ ತಕ್ಷಣ ಹೊರಳುತ್ತಾರೆ. ಆಟೋದವರು, ತರಕಾರಿ ಮಾರುವವರು, ಆಫೀಸಿನವರು, ಎಲ್ಲರೂ. ಇದು ಒಳ್ಳೆಯ ಗುಣ. ಇದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಆದರೆ ಈ ಅಭ್ಯಾಸ ಒಗಟಿಗೂ ಬಂದುಬಿಟ್ಟಿದೆ. ಆಫೀಸಿನ ಗುಂಪಿನಲ್ಲಿ ಕನ್ನಡದ ಒಗಟು ಹಾಕಬೇಕೆಂದರೆ ಮೊದಲೇ ಇಂಗ್ಲಿಷ್ ಮಾಡಿ ಹಾಕುತ್ತಾರೆ. ಪಾಪ, ಎಲ್ಲರಿಗೂ ಅರ್ಥವಾಗಲಿ ಅಂತ.

ಪುಣೆಯಲ್ಲಿ ನಮ್ಮ ಪಕ್ಕದ ಮನೆಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ಹಾಗೆ ಮಾಡುವುದಿಲ್ಲ. ಸಂಕ್ರಾಂತಿಯ ಹಳದಿ ಕುಂಕುಮಕ್ಕೆ ಹೋದಾಗ ನನ್ನ ಹೆಂಡತಿಗೆ ‘ನಾವ್ ಘೇ’ ಎಂದು ಎಲ್ಲರೂ ಗಂಟುಬಿದ್ದರು. ಅಂದರೆ ಪ್ರಾಸವಿರುವ ಎರಡು ಸಾಲಿನಲ್ಲಿ ಗಂಡನ ಹೆಸರು ಸೇರಿಸಿ ಹೇಳಬೇಕು. ಅವರಲ್ಲಿ ಅದಕ್ಕೆ ಉಖಾಣಾ ಎನ್ನುತ್ತಾರೆ, ನಮ್ಮ ಧಾರವಾಡ, ಬೆಳಗಾವಿ ಕಡೆ ಒಡಪು. ಇವಳಿಗೆ ಮರಾಠಿ ಬರುತ್ತಿರಲಿಲ್ಲ. ಆದರೂ ಅವರು ಬಿಡಲಿಲ್ಲ, ಹಿಂದಿಗೂ ಹೊರಳಲಿಲ್ಲ. ಸಾಲು ಹೇಳಿಕೊಟ್ಟರು, ಪ್ರತಿ ಪದದ ಅರ್ಥ ಬಿಡಿಸಿದರು, ಮತ್ತೆ ಮತ್ತೆ ಹೇಳಿಸಿದರು. ಅವಳು ಮರಾಠಿ ಕಲಿಯಲು ಶುರು ಮಾಡಿದ್ದೇ ಅಲ್ಲಿಂದ. ಅದೇ ಕಾಕೂ ನಂತರ ನನಗೂ ಒಂದು ಒಗಟು ಹಾಕಿದರು: ‘ಕೋಕಣಾತೂನ ಆಲೀ ಸಖೀ, ತಿಚ್ಯಾ ಮಾನೇವರ ದಿಲೀ ಬುಕ್ಕೀ, ತಿಚ್ಯಾ ಘರಭರ ಲೇಕೀ.’ ಕೊಂಕಣದಿಂದ ಗೆಳತಿ ಬಂದಳು, ಕುತ್ತಿಗೆಗೆ ಒಂದು ಗುದ್ದು ಕೊಟ್ಟೆ, ಮನೆ ತುಂಬಾ ಹೆಣ್ಣುಮಕ್ಕಳು. ಉತ್ತರ ಬೆಳ್ಳುಳ್ಳಿ. ಸಖೀ, ಬುಕ್ಕೀ, ಲೇಕೀ ಈಗ ನನ್ನ ಬಾಯಲ್ಲೇ ಇವೆ. ಅದನ್ನು ಕಾಕೂ ನನಗೆ ಹಿಂದಿಯಲ್ಲಿ ಹೇಳಿದ್ದರೆ ಅವತ್ತೇ ಮರೆತುಹೋಗುತ್ತಿತ್ತು.

ಒಗಟಿಗೆ ಈ ಶಕ್ತಿ ಇರುವುದಕ್ಕೆ ಕಾರಣವಿದೆ. ಮಾಮೂಲಿ ಮಾತಿನಲ್ಲಿ ಅರ್ಥವಾಗಲಿಲ್ಲ ಅನ್ನುವುದು ಮುಜುಗರ. ಹೊರಗಿನಿಂದ ಬಂದವರು ಅದಕ್ಕೇ ಬಾಯಿ ಬಿಡುವುದಿಲ್ಲ. ಒಗಟಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡದವನಿಗೂ ಮೊದಲ ಸಲಕ್ಕೆ ಅರ್ಥವಾಗುವುದಿಲ್ಲ. ಗೊತ್ತಿಲ್ಲ ಅನ್ನುವುದೇ ಆಟದ ಶುರು. ಭಾಷೆ ಬಲ್ಲವನೂ ಬಾರದವನೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಇಂಥ ಸಮಾನ ಜಾಗ ಭಾಷೆ ಕಲಿಯುವವರಿಗೆ ಬೇರೆಲ್ಲಿ ಸಿಗುತ್ತದೆ ಹೇಳಿ?

ಅನುವಾದ ಮಾಡಿದರೂ ಕೆಲವು ಒಗಟು ಉಳಿಯುತ್ತವೆ, ನಿಜ. ‘ಅಮ್ಮನ ಸೀರೆ ಮಡಿಸೋಕಾಗಲ್ಲ, ಅಪ್ಪನ ದುಡ್ಡು ಎಣಿಸೋಕಾಗಲ್ಲ.’ ಆಕಾಶ, ನಕ್ಷತ್ರ. ತೆಲುಗಿನಲ್ಲೂ ಇದು ಹೀಗೇ ಇದೆ. ಅಮೀರ್ ಖುಸ್ರೋನದೆಂದು ಹೇಳುವ ಹಿಂದಿ ಒಗಟಿನಲ್ಲಿ ಅದೇ ಆಕಾಶ ಮುತ್ತು ತುಂಬಿದ ತಟ್ಟೆ. ಎಲ್ಲರ ತಲೆಯ ಮೇಲೆ ಬೋರಲು ಇಟ್ಟಿದ್ದಾರೆ, ಒಂದು ಮುತ್ತೂ ಬೀಳುವುದಿಲ್ಲ. ನಮ್ಮಲ್ಲಿ ಮನೆಯ ಸೀರೆ, ಅಲ್ಲಿ ಮುತ್ತಿನ ತಟ್ಟೆ. ಮಲಯಾಳದ ‘ಞೆಟ್ಟಿಲ್ಲಾ ವಟ್ಟಯಿಲ’, ತೊಟ್ಟಿಲ್ಲದ ದುಂಡನೆ ಎಲೆ, ಹಪ್ಪಳ. ಇದು ಯಾವ ಭಾಷೆಯಲ್ಲಿ ಹೇಳಿದರೂ ಗರಿಗರಿಯಾಗೇ ಇರುತ್ತದೆ.

ಆದರೆ ಜಾಸ್ತಿ ರುಚಿ ಇರುವುದು ಅನುವಾದಕ್ಕೆ ಸಿಗದ ಒಗಟುಗಳಲ್ಲಿ. ತೆಲುಗು ಗೆಳತಿ ಹಾಕಿದ್ದು: ‘ಅಯ್ಯ ಅಂಟೆ ಕಲವವು, ಅಮ್ಮ ಅಂಟೆ ಕಲುಸ್ತಾಯಿ.’ ಅಯ್ಯ ಅಂದರೆ ಕೂಡುವುದಿಲ್ಲ, ಅಮ್ಮ ಅಂದರೆ ಕೂಡುತ್ತವೆ. ಏನದು? ತುಟಿಗಳು! ಬಾಯಿಬಿಟ್ಟು ಹೇಳಿದರೆ ಮಾತ್ರ ಗೊತ್ತಾಗುವ ಒಗಟು. ಕನ್ನಡಕ್ಕೆ ತರೋಣ ಅಂದರೆ ಅಪ್ಪ ಅಂದಾಗಲೂ ತುಟಿ ಕೂಡುತ್ತದೆ. ‘ಅಕ್ಕ ಅಂದರೆ ಕೂಡಲ್ಲ, ಅಮ್ಮ ಅಂದರೆ ಕೂಡುತ್ತೆ’ ಎಂದು ಬದಲಿಸಬೇಕಾಯಿತು. ಮರಾಠಿಗೆ ತಂದಾಗ ಪೂರ್ತಿ ತಿರುಗಾಮುರುಗಾ. ಅಲ್ಲಿ ಬಾಬಾ (ಅಪ್ಪ) ಅಂದರೆ ಕೂಡುತ್ತವೆ, ಆಯಿ (ಅಮ್ಮ) ಅಂದರೆ ಇಲ್ಲ. ಕಾಕೂಗೆ ಇದನ್ನು ಹೇಳಿದಾಗ ಅವರು ಬಾಬಾ, ಆಯಿ, ಬಾಬಾ, ಆಯಿ ಎಂದು ಹೇಳುತ್ತಲೇ ಇದ್ದರು.

ಖುಸ್ರೋನ ಹೆಸರಿನಲ್ಲಿ ಇನ್ನೊಂದು ಬಗೆಯ ಆಟ ಇದೆ. ಎರಡು ಪ್ರಶ್ನೆ, ಒಂದೇ ಉತ್ತರ. ದೋ ಸುಖನೆ ಅನ್ನುತ್ತಾರೆ. ಖುಸ್ರೋ 1325ರಲ್ಲಿ ತೀರಿಕೊಂಡವನು; ಈ ಮಾತುಗಳೆಲ್ಲ ಅವನದೇ ಹೌದೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಜನರಂತೂ ಅವನದೆಂದೇ ಉಳಿಸಿಕೊಂಡು ಬಂದಿದ್ದಾರೆ. ಉರ್ದು ಗೆಳೆಯ ಒಂದು ರಾತ್ರಿ ಹಾಕಿದ: ‘ಸಮೋಸಾ ಕ್ಯೋಂ ನ ಖಾಯಾ? ಜೂತಾ ಕ್ಯೋಂ ನ ಪಹನಾ?’ ಸಮೋಸ ಯಾಕೆ ತಿನ್ನಲಿಲ್ಲ, ಜೋಡು ಯಾಕೆ ಹಾಕಲಿಲ್ಲ? ಉತ್ತರ ‘ತಲಾ ನ ಥಾ’. ಸಮೋಸ ಕರಿದಿರಲಿಲ್ಲ, ಜೋಡಿಗೆ ಅಟ್ಟೆ ಇರಲಿಲ್ಲ.

ಕನ್ನಡದಲ್ಲಿ ಇಂಥದ್ದು ಕಟ್ಟೋಣ ಎಂದು ನಾವೆಲ್ಲ ಕೂತೆವು. ಕಟ್ಟಿದವನು ಅದೇ ಉರ್ದು ಗೆಳೆಯ. ‘ಹಾಲು ಯಾಕೆ ಕೆಟ್ಟಿತು? ಹೊಲಕ್ಕೆ ದನ ಯಾಕೆ ನುಗ್ಗಿತು? ಬಸ್ಸು ಯಾಕೆ ತಪ್ಪಿತು?’ ಉತ್ತರ ‘ಕಾಯಲಿಲ್ಲ’. ಹಾಲು ಬಿಸಿಯಾಗಲಿಲ್ಲ, ಹೊಲಕ್ಕೆ ಕಾವಲಿರಲಿಲ್ಲ, ಬಸ್ಸು ಬರುವ ತನಕ ನಿಲ್ಲಲಿಲ್ಲ. ಮೂರು ಪ್ರಶ್ನೆಗೂ ಒಂದೇ ಮಾತು! ಆಟ ಅಲ್ಲಿಗೇ ನಿಲ್ಲಲಿಲ್ಲ. ತಮಿಳು ಗೆಳೆಯ ಕೇಳಿದ, ‘ಬಟ್ಟೆ ಯಾಕೆ ಮಡಚಲಿಲ್ಲ?’ ತಮಿಳಿನಲ್ಲಿ ‘ಕಾಯಲೆ’ ಅಂದರೆ ಒಣಗಲಿಲ್ಲ. ಕೂಡಲೇ ತೆಲುಗು ಗೆಳತಿ, ‘ಮಾವಿನ ಮರ ಯಾಕೆ ಬರಿದು?’ ತೆಲುಗಿನಲ್ಲಿ ‘ಕಾಯಲೇದು’ ಅಂದರೆ ಕಾಯಿ ಬಿಡಲಿಲ್ಲ. ಮೂರು ಭಾಷೆಗಳ ನಂಟು ಒಂದೇ ಮಾತಿನಲ್ಲಿ ಕಣ್ಣಿಗೆ ಬಿತ್ತು. ಆ ರಾತ್ರಿ ನನಗಾದ ಸಂತೋಷ ಹೇಳತೀರದು. ದ್ರಾವಿಡ ಭಾಷೆಗಳು ಅಕ್ಕತಂಗಿಯರು ಎಂದು ಶಾಲೆಯಲ್ಲಿ ಓದಿದ್ದೆ. ಅವರು ಹೀಗೆ ಜೊತೆಯಾಗಿ ಆಡುವುದನ್ನು ನೋಡಿರಲಿಲ್ಲ. ಹಾಲು, ಹೊಲ, ಬಸ್ಸನ್ನು ಇಂಗ್ಲಿಷಿನಲ್ಲಿ ಕೇಳಿದ್ದರೆ ಇದ್ಯಾವುದೂ ಹುಟ್ಟುತ್ತಿರಲಿಲ್ಲ.

ಇನ್ನೊಂದು ಮಾತು, ಟೈಪ್ ಮಾಡುವವರಿಗೆ. ಒಗಟನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡಿ. ಕಾಲು, ಕಾಳು, ಕಲ್ಲು, ಕಳ್ಳು ಇವನ್ನು ಅವಸರದಲ್ಲಿ ಹಾಗೆ ಬರೆದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಒಗಟು ನಿಲ್ಲುವುದೇ ಇಂಥ ಸಣ್ಣ ವ್ಯತ್ಯಾಸದ ಮೇಲೆ. ಮುಂದಿನಿಂದಲೂ ಹಿಂದಿನಿಂದಲೂ ಒಂದೇ ಥರ ಓದಿಸಿಕೊಳ್ಳುವ ಪದಗಳನ್ನೇ ನೋಡಿ. ಗದಗ, ಕನಕ, ವಿಕಟಕವಿ ನಮ್ಮ ಅಕ್ಷರದಲ್ಲಿ ಸರಿಯಾಗಿ ತಿರುಗುತ್ತವೆ. ಮಲಯಾಳಂ ಎಂಬ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ತಿರುಗುತ್ತದೆ, ಮಲಯಾಳದ ಲಿಪಿಯಲ್ಲೇ ತಿರುಗುವುದಿಲ್ಲ. ಯಾವ ಆಟಕ್ಕೆ ಯಾವ ಲಿಪಿ ಎಂಬುದೂ ಆಟದ ಭಾಗವೇ.

ನಾಲಿಗೆ ತಿರುಚುವ ಸಾಲುಗಳಿಗೆ ಲಿಪಿಯೂ ಸಾಲದು, ದನಿ ಬೇಕು. ತರೀಕೆರೆ ಏರಿ ಮೇಲೆ ಮೂರು ಕರೀ ಕುರಿಮರಿ ಮೇಯ್ತಿತ್ತು ಎಂದು ನಾವು ವಾಯ್ಸ್ ಮೆಸೇಜ್ ಕಳಿಸುತ್ತೇವೆ. ತಮಿಳು ಗೆಳೆಯ ಬಾಳೆಹಣ್ಣಿನ ಮೇಲೆ ಜಾರಿ ಗುಂಡಿಗೆ ಬಿದ್ದ ಮುದುಕಿಯ ಸಾಲು ಕಳಿಸುತ್ತಾನೆ. ಆ ಸಾಲಿನ ತುಂಬ ಇರುವ ಸದ್ದು ಹಳಗನ್ನಡದಲ್ಲಿ ನಮಗೂ ಇತ್ತು, ೞ ಎಂಬ ಅಕ್ಷರವೂ ಇತ್ತು. ನಾವು ಬಿಟ್ಟೆವು, ಅವರು ಉಳಿಸಿಕೊಂಡರು. ಅವನ ದನಿ ಕೇಳಿಸಿಕೊಂಡು ನಾನು ಅದನ್ನು ಕಲಿಯುತ್ತಿದ್ದೇನೆ.

ಕನ್ನಡದಲ್ಲೇ ಕೇಳಿ ಅಂದರೆ ಅದು ಒತ್ತಾಯ ಅಲ್ವಾ ಎಂದು ಗುಂಪಿನಲ್ಲಿ ಒಬ್ಬಳು ಕೇಳಿದಳು. ನನಗೆ ಹಾಗನ್ನಿಸುವುದಿಲ್ಲ. ಬ್ಯಾಂಕಿನ ಫಾರಂ, ಆಸ್ಪತ್ರೆಯ ಚೀಟಿ ಅರ್ಥವಾಗದಿದ್ದರೆ ಜನರಿಗೆ ತೊಂದರೆ. ಅಲ್ಲಿ ಅವರ ಭಾಷೆಯಲ್ಲಿ ಹೇಳುವುದೇ ಸರಿ. ಒಗಟಿನಲ್ಲಿ ಯಾರಿಗೂ ನಷ್ಟವಿಲ್ಲ. ಸುಮ್ನೆ ಬೇರೆ ಭಾಷೆಗೆ ತಿರುಗಿಸಿ ಕೊಟ್ಟರೆ, ಇದು ನಿನಗೆ ಆಗಲ್ಲ ಬಿಡು ಎಂದು ನಾವೇ ಮೊದಲು ತೀರ್ಮಾನ ಮಾಡಿದ ಹಾಗಾಗುತ್ತದೆ. ಕಾಕೂ ನನ್ನ ಹೆಂಡತಿಯ ವಿಷಯದಲ್ಲಿ ಹಾಗೆ ತೀರ್ಮಾನಿಸಲಿಲ್ಲ. ನನಗೆ ಅದು ದೊಡ್ಡ ಪ್ರೀತಿ ಅನ್ನಿಸಿತು.

ಕನ್ನಡಕ್ಕೆ ಇದರಲ್ಲಿ ಬಡತನವೇನೂ ಇಲ್ಲ. ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ, ಸರ್ವಜ್ಞನ ಒಗಟಿನ ತ್ರಿಪದಿ, ಹೀಗೆ ಅರ್ಥ ಅಡಗಿಸಿ ಹೇಳುವ ರಚನೆಗಳು ಇರುವ ಭಾಷೆ ಇದು. ಅಷ್ಟು ದೂರ ಹೋಗದೆ ಇದ್ದರೂ ಪರವಾಗಿಲ್ಲ. ನಿಮ್ಮ ಆಫೀಸಿನಲ್ಲಿ ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಗೆಳೆಯರು ಇದ್ದರೆ ನಾಳೆಯೇ ಇದನ್ನು ಹಾಕಿ: ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ.’ ಮೊಸರು ಅವರಿಗೆ ಪ್ಯಾಕೆಟ್ ಮೇಲಿಂದಲೇ ಗೊತ್ತಿರುತ್ತದೆ. ಗಿಡ, ಹಸಿರು ಯಾರನ್ನಾದರೂ ಕೇಳಿ ತಿಳಿದುಕೊಳ್ಳುತ್ತಾರೆ. ಚೆಲ್ಲಿದೆ ಅನ್ನುವುದನ್ನು ಬೇಕಿದ್ದರೆ ಕೈಸನ್ನೆಯಲ್ಲಿ ತೋರಿಸಿ. ಮಲ್ಲಿಗೆ ಎಂದು ಅವರೇ ಹೇಳುವ ತನಕ ಕಾಯಿರಿ. ಹೇಳಿದ ಮೇಲೆ ಅವರ ಊರಿನದೊಂದನ್ನು ಅವರ ಭಾಷೆಯಲ್ಲೇ ಕೇಳಿ ಹಾಕಿಸಿಕೊಳ್ಳಿ.