ಎಲ್ಲರ ಮನೆಯಲ್ಲೂ 135 ಲೀಟರ್

ಮಗ ಹನ್ನೊಂದನೇ ಕ್ಲಾಸು, ಮಹಾರಾಷ್ಟ್ರ ಬೋರ್ಡು. ಅವರಿಗೆ ಪರಿಸರ ಶಿಕ್ಷಣ ಮತ್ತು ಜಲಸುರಕ್ಷೆ ಅಂತ ಒಂದು ಕಡ್ಡಾಯ ವಿಷಯ ಇದೆ. ಅದಕ್ಕೊಂದು ಪ್ರಾಜೆಕ್ಟು, ಒಂದು ಜರ್ನಲ್ಲು. ಫೆಬ್ರುವರಿಯ ಒಂದು ರಾತ್ರಿ ಹತ್ತೂವರೆಗೆ ಊಟದ ಟೇಬಲ್ ಮೇಲೆ ಕೂತು ಬರೆಯುತ್ತಿದ್ದ. ವಿಷಯ, 'ನಮ್ಮ ಮನೆಯ ನೀರಿನ ಬಳಕೆ'. ಏಳು ದಿನದ ಪಟ್ಟಿ. ಹಿಂದೆ ನಿಂತು ಇಣುಕಿದೆ. ಸೋಮವಾರ ತಲಾ 135 ಲೀಟರ್. ಮಂಗಳವಾರ 135. ಬುಧವಾರ 135. ಭಾನುವಾರವೂ 135.

"ಭಾನುವಾರ ಎಲ್ಲರೂ ತಲೆಸ್ನಾನ ಮಾಡ್ತೀವಿ, ಚಾದರ ಒಗೀತೀವಿ. ಅವತ್ತೂ ಅಷ್ಟೇನಾ?" ಅಂದೆ.

"ಅಮ್ಮಾ, ಎಲ್ಲರೂ ಇದನ್ನೇ ಬರೀತಾರೆ. ಗ್ರೂಪಲ್ಲಿ ಫೋಟೋ ಬಂದಿದೆ."

135 ಲೀಟರ್ ಅನ್ನೋದು ನಗರದಲ್ಲಿ ಒಬ್ಬರಿಗೆ ದಿನಕ್ಕೆ ಇಷ್ಟು ನೀರು ಕೊಡಬೇಕು ಅಂತ ಸರ್ಕಾರ ಇಟ್ಟುಕೊಂಡಿರುವ ಲೆಕ್ಕ. ಅಂದರೆ ಇಡೀ ಕ್ಲಾಸಿನ ಮಕ್ಕಳು ತಮ್ಮ ಮನೆಯ ನಲ್ಲಿ ನೋಡದೆ ಸರ್ಕಾರದ ಲೆಕ್ಕವನ್ನೇ ಮನೆಯ ಲೆಕ್ಕ ಮಾಡಿ ಬರೆದಿದ್ದರು. ನನಗೆ ಸಿಟ್ಟಿಗಿಂತ ನಗು ಜಾಸ್ತಿ ಬಂತು. ಯಾಕಂದರೆ ನಾನೂ ಹುಬ್ಬಳ್ಳಿಯಲ್ಲಿ ಓದುವಾಗ ವಿಜ್ಞಾನದ ಪ್ರಯೋಗವನ್ನೆಲ್ಲ ಉತ್ತರದಿಂದ ಹಿಂದಕ್ಕೆ ಬರೆದವಳೇ.

ನಮ್ಮಲ್ಲಿ ಪರಿಸರ ಪಾಠಕ್ಕೆ ಬರ ಇಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಪರಿಸರದ ಕೇಸು ನಡೆಸುವ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಶಾಲೆ ಕಾಲೇಜಿನಲ್ಲಿ ಪರಿಸರ ಕಡ್ಡಾಯ ವಿಷಯ ಆಗಲಿ ಅಂದದ್ದು 1991ರಲ್ಲಿ. ಮೂವತ್ತು ವರ್ಷದ ಮೇಲಾಯ್ತು. ಜಗತ್ತಿನ ಮಟ್ಟದಲ್ಲಿ ಇದಕ್ಕೆ ಇನ್ನೂ ದೊಡ್ಡ ಹೆಸರಿದೆ, ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣ. (ಬಾಯಲ್ಲಿ ಹೇಳೋಕೇ ಒಂದು ಲೋಟ ನೀರು ಬೇಕು.) ವಿಶ್ವಸಂಸ್ಥೆ 2005ರಿಂದ 2014ರವರೆಗೆ ಪೂರ್ತಿ ಹತ್ತು ವರ್ಷ ಇದಕ್ಕೇ ಅಂತ ಮೀಸಲಿಟ್ಟಿತು. 2021ರ ಮೇ ತಿಂಗಳಲ್ಲಿ ಇದೇ ವಿಷಯಕ್ಕೆ ವಿಶ್ವಸಂಸ್ಥೆಯ ಶಿಕ್ಷಣ ಸಂಸ್ಥೆ ಯುನೆಸ್ಕೊದ ಬರ್ಲಿನ್ ಸಮ್ಮೇಳನ ನಡೆಯಿತು. ಎಲ್ಲ ದೇಶಗಳ ಪಠ್ಯದಲ್ಲೂ 2025ರ ಹೊತ್ತಿಗೆ ಪರಿಸರ ಮುಖ್ಯ ಭಾಗ ಆಗಬೇಕು ಅಂತ ಯುನೆಸ್ಕೊ ಗುರಿ ಹಾಕಿತು. ಇಟಲಿ ವರ್ಷಕ್ಕೆ 33 ಗಂಟೆ ಹವಾಮಾನದ ಪಾಠ ಅಂತ 2019ರಲ್ಲೇ ಘೋಷಿಸಿತ್ತು. ಯುನೆಸ್ಕೊದವರು 100 ದೇಶಗಳ ಪಠ್ಯಕ್ರಮ ತೆರೆದು ನೋಡಿದಾಗ ಹವಾಮಾನ ಬದಲಾವಣೆ ಎಂಬ ಮಾತು ಸಿಕ್ಕಿದ್ದು ಶೇಕಡಾ 53ರಲ್ಲಿ ಮಾತ್ರ. ಸಿಕ್ಕ ಕಡೆಯೂ ಮೇಲೆ ಮೇಲೆ ಅಷ್ಟೇ.

ಇದನ್ನು ಓದಿದವರೆಲ್ಲ ಹೇಳೋದು ಒಂದೇ, ಉಳಿದ 47ರಲ್ಲೂ ಸೇರಿಸಿ. ಸೇರಿಸಲಿ, ಬೇಡ ಅನ್ನಲ್ಲ. ಆದರೆ ನಮ್ಮ ಪುಸ್ತಕದಲ್ಲಿ ಆ ಮಾತು ಇದೆ, ಅಧ್ಯಾಯ ಇದೆ, ಅಂಕ ಇದೆ. ಹಾಗಿದ್ದೂ ಎಲ್ಲರ ಮನೆಯಲ್ಲೂ 135 ಲೀಟರ್. ಹೀಗೇ ವಿಸ್ತಾರ ಮಾಡ್ತಾ ಹೋದರೆ ನಾಳೆ ನೂರು ದೇಶದ ಮಕ್ಕಳು ಒಂದೇ ಫೋಟೋ ನೋಡಿ ಬರೀತಾರೆ ಅಷ್ಟೇ.

ಮರುದಿನ ಬೆಳಿಗ್ಗೆ ಮಗನನ್ನು ಎಬ್ಬಿಸಿ ಗೇಟಿಗೆ ಕಳಿಸಿದೆ. ನಮ್ಮದು ಪುಣೆಯ ಬಾಣೇರ್ ಕಡೆ, 64 ಫ್ಲ್ಯಾಟಿನ ಸೊಸೈಟಿ. ಕಾರ್ಪೊರೇಷನ್ ನೀರು ಸ್ವಲ್ಪ ಹೊತ್ತು ಬರುತ್ತೆ, ಉಳಿದದ್ದು ಟ್ಯಾಂಕರ್. ಟ್ಯಾಂಕರಿನ ಲೆಕ್ಕ ಇಡೋರು ನಮ್ಮ ವಾಚ್‌ಮನ್ ಕಾಕಾ, ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ಅವರ ಕೆಲಸ ನಾನೂ ಅವತ್ತೇ ಸರಿಯಾಗಿ ನೋಡಿದ್ದು. ಟ್ಯಾಂಕರ್ ಒಳಗೆ ಬಂದ ತಕ್ಷಣ ಪೈಪ್ ಜೋಡಿಸೋಕೆ ಬಿಡಲ್ಲ. ಹಿಂದಿನ ಏಣಿ ಹತ್ತಿ, ಮೇಲಿನ ಮುಚ್ಚಳ ತೆಗೆದು, ಒಂದು ಕೋಲು ಇಳಿಸುತ್ತಾರೆ. ಮುರಿದ ಮಾಪಿನ ಕೋಲು. ಅದರ ಮೇಲೆ ಕೆಂಪು ನೇಲ್‌ಪಾಲಿಶಿನ ಒಂದು ಗೆರೆ. ನೀರು ಆ ಗೆರೆ ಮುಟ್ಟಿದರೆ ಹತ್ತು ಸಾವಿರ ಲೀಟರ್ ಪೂರ್ತಿ. ಮುಟ್ಟದಿದ್ದರೆ ಬೆರಳಲ್ಲಿ ಅಳೆದು ರಿಜಿಸ್ಟರಿನಲ್ಲಿ ಬರೆಯುತ್ತಾರೆ, '4 ಬೆರಳು ಕಮ್ಮಿ'. ಡ್ರೈವರ್ ಮರಾಠಿಯಲ್ಲಿ ಗೊಣಗುತ್ತಾನೆ. ಕಾಕಾ ಕನ್ನಡದಲ್ಲಿ ಗೊಣಗುತ್ತಾರೆ. ಸಹಿ ಆಗುತ್ತೆ.

ಮಗ ಏಳು ದಿನ ಅವರ ಜೊತೆ ನಿಂತ. ಎರಡನೇ ದಿನವೇ ಕೋಲು ಇವನ ಕೈಗೆ ಬಂತು. ವಾರಕ್ಕೆ 26 ಟ್ಯಾಂಕರ್, ಅದರಲ್ಲಿ 5 ಕಮ್ಮಿ ತುಂಬಿದ್ದು. ಎಲ್ಲವೂ ಪೂರ್ತಿ ಅಂತ ಹಿಡಿದರೂ 2,60,000 ಲೀಟರ್. ಒಂದು ಫ್ಲ್ಯಾಟಿಗೆ ದಿನಕ್ಕೆ 580 ಲೀಟರ್. ಮನೆಗೆ ನಾಲ್ಕು ಜನ ಅಂದರೆ ತಲಾ 145. ಇದು ಬರೀ ಟ್ಯಾಂಕರ್ ನೀರು! ಕಾರ್ಪೊರೇಷನ್ ನಲ್ಲಿ ಬೇರೆ.

ಇನ್ನೊಂದು ಸಂಗತಿ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ, ಗೇಟಿನಲ್ಲಿ ಸಿಕ್ತು. ಮೂರನೇ ಮಹಡಿಯವರು ಕಾರು ತೊಳೆಯುವಾಗ ನೀರು ಹರಿದು ಗಟಾರಕ್ಕೆ ಹೋಗ್ತಿತ್ತು. ಕಾಕಾ ಅದನ್ನು ನೋಡಿ ಅಂದರು, "ನೋಡ್ರಿ ಅಕ್ಕಾರ, ಇದು ಇಲ್ಲಿಗೆ ಮುಗೀಲಿಲ್ರಿ. ನಮ್ಮೂರ ಹೊಳಿಗೇ ಬರ್ತೈತಿ."

ಮಗ ನಕ್ಕ. ಆಮೇಲೆ ಇಬ್ಬರೂ ಮೊಬೈಲಿನಲ್ಲಿ ನಕ್ಷೆ ತೆಗೆದರು. ನಿಜ. ಮುಳಾ, ಮುಠಾ ಪುಣೆಯ ಸಂಗಮದಲ್ಲಿ ಸೇರುತ್ತವೆ. ಮುಂದೆ ಹೋಗಿ ಭೀಮೆಗೆ ಸೇರುತ್ತವೆ. ಭೀಮೆ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟೆಗೆ, ಅಲ್ಲಿಂದ ಇಂಡಿ ಕಡೆಗೆ, ಮುಂದೆ ಗಾಣಗಾಪುರದ ಹತ್ತಿರ ಹಾದು ಕೃಷ್ಣೆಗೆ. ಪುಣೆಯವರು ಖಡಕ್‌ವಾಸ್ಲಾ, ಪಾನಶೇತ್, ವರಸಗಾಂವ್, ಟೆಮಘರ್ ಅಂತ ನಾಲ್ಕು ಅಣೆಕಟ್ಟೆ ಎಷ್ಟು ತುಂಬಿದವು ಅಂತ ಮಳೆಗಾಲವಿಡೀ ಪೇಪರಿನಲ್ಲಿ ನೋಡ್ತೀವಿ. ಅಂದರೆ ನೀರು ಬರೋ ದಾರಿ ನಮಗೆ ಬಾಯಿಪಾಠ. ಹೋಗೋ ದಾರಿ ಗೊತ್ತಿರೋದು ಇಂಡಿಯವರಿಗೆ. ಅಲ್ವಾ? ಹದಿನೆಂಟು ವರ್ಷ ಈ ಊರಲ್ಲಿದ್ದೀನಿ, ಗಾಣಗಾಪುರಕ್ಕೆ ನಾಲ್ಕು ಸಲ ಹೋಗಿ ಸಂಗಮದಲ್ಲಿ ಮುಳುಗು ಹಾಕಿ ಬಂದಿದ್ದೀನಿ. ನಮ್ಮನೆ ಬಚ್ಚಲ ನೀರೂ ಅದರಲ್ಲಿ ಸೇರಿದೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ಪಾಠ ಹೀಗೆ ಕೆಳಗಿನಿಂದ ಮೇಲಕ್ಕೆ ಹೋದದ್ದು ಈ ಊರಿಗೆ ಹೊಸದೇನಲ್ಲ. 1990ರ ಸುಮಾರಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಪುಣೆಯಲ್ಲಿ ಚಿಂದಿ ಆಯುವ ಮಕ್ಕಳಿಗೆ ಅಕ್ಷರ ಕಲಿಸೋಕೆ ಹೋದರು. ಹೋದವರು ಅವರ ಜೊತೆ ಕಸದ ರಾಶಿಗೂ ಹೋದರು. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೆ ಚಿಂದಿ ಆಯುವ ಹೆಂಗಸರು ಕೊಳೆತದ್ದರಲ್ಲಿ ಕೈಯಾಡಿಸಬೇಕಾಗಿಲ್ಲ, ದುಡ್ಡೂ ಹೆಚ್ಚು ಸಿಗುತ್ತೆ ಅಂತ ಅಲ್ಲಿ ನಿಂತ ಮೇಲೆ ಕಣ್ಣಿಗೆ ಬಿತ್ತು. 1993ರಲ್ಲಿ ಚಿಂದಿ ಆಯುವವರದೇ ಸಂಘ ಆಯಿತು, ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್. 2008ರಲ್ಲಿ 'ಸ್ವಚ್ಛ್' ಎಂಬ ಸಹಕಾರ ಸಂಘ ಕಾರ್ಪೊರೇಷನ್ ಜೊತೆ ಒಪ್ಪಂದ ಮಾಡಿಕೊಂಡು ಮನೆ ಮನೆಯ ಕಸ ಎತ್ತೋಕೆ ಶುರು ಮಾಡಿತು. ನಮ್ಮ ಬಾಗಿಲಿಗೆ ಕಸ ಎತ್ತೋಕೆ ಬರುವ ಮಾವುಶಿ (ಮರಾಠಿಯಲ್ಲಿ ಚಿಕ್ಕಮ್ಮ) ಇವತ್ತಿಗೂ ಡಬ್ಬಿ ಇಣುಕಿ ನೋಡಿ, "ತಾಯಿ, ಓಲಾ ಸುಕಾ ಎಕತ್ರ ಕೇಲಂ" ಅಂತ ಬಯ್ಯುತ್ತಾರೆ. ಹಸಿ ಒಣ ಎರಡನ್ನೂ ಒಟ್ಟು ಮಾಡಿದ್ದೀರಿ ಅಂತ. ನನ್ನ ಮಗನಿಗೆ ಕಸದ ವಿಷಯದಲ್ಲಿ ಏನಾದರೂ ಬರ್ತದೆ ಅಂದರೆ ಅದು ಈ ಬೈಗುಳದಿಂದ. ಪುಸ್ತಕದ ಅಧ್ಯಾಯದಿಂದ ಅಲ್ಲ.

ಆದ್ದರಿಂದ ನಾನು ಕೇಳೋದು ಇನ್ನೊಂದು ಅಧ್ಯಾಯ ಅಲ್ಲ. ಮಾವುಶಿ, ಕಾಕಾ ಇವರನ್ನು ವಾರಕ್ಕೊಂದು ಗಂಟೆ ಕ್ಲಾಸಿಗೆ ಕರೀರಿ, ಸಂಬಳ ಕೊಟ್ಟು ಕರೀರಿ. ಸುಮ್ನೆ ಶಾಲು ಹೊದಿಸಿ ಫೋಟೋ ತೆಗೆದು ಕಳಿಸೋದು ಬೇಡ. ಶಾಲೆಯ ಸ್ವಂತ ನೀರಿನ ಬಿಲ್ಲು, ಕರೆಂಟಿನ ಬಿಲ್ಲು, ಕ್ಯಾಂಟೀನಿನ ಎಂಜಲು ಡಬ್ಬಿ ಮಕ್ಕಳ ಕೈಗೆ ಕೊಡಿ. ಅದರಲ್ಲಿ ಬರೋ ಉತ್ತರ ಶಾಲೆಗೇ ಮುಜುಗರ ತಂದರೂ ತರಲಿ.

ಮಗನ ಜರ್ನಲ್ಲಿಗೆ ಅವನ ಸ್ನೇಹಿತನಿಗಿಂತ ಎರಡು ಅಂಕ ಕಡಿಮೆ ಬಂತು. 'ಕೊಟ್ಟ ನಮೂನೆಯಲ್ಲಿ ಇಲ್ಲ' ಅಂತ ಷರಾ. ಆ ಮೇಡಂ ಮೇಲೆ ನನಗೆ ಸಿಟ್ಟಿಲ್ಲ, ಅವರ ಮುಂದೆ ನೂರಕ್ಕೂ ಜಾಸ್ತಿ ಜರ್ನಲ್ಲು ಇದ್ದವು. ಸೊಸೈಟಿ ಕಮಿಟಿಯವರು ಆ ಪಟ್ಟಿ ಹಿಡಿದುಕೊಂಡು ಟ್ಯಾಂಕರಿನವನ ಹತ್ತಿರ ಜಗಳ ಮಾಡಿ ಕಮ್ಮಿ ಬಿದ್ದ ಐದರ ದುಡ್ಡು ಇಳಿಸಿಕೊಂಡರು. 145ರ ವಿಷಯ ಯಾರೂ ಎತ್ತಲಿಲ್ಲ. ನಾನೂ ಮೀಟಿಂಗಿನಲ್ಲಿ ಬಾಯಿಬಿಡಲಿಲ್ಲ, ನಮ್ಮ ವಾಷಿಂಗ್ ಮಷಿನ್ ದಿನಾ ಓಡುತ್ತೆ.

ಕಾಕಾ ಮಾತ್ರ ಆ ಪುಟದ ಫೋಟೋ ತೆಗೆದು ಊರಲ್ಲಿರುವ ಮಗಳಿಗೆ ಕಳಿಸಿದ್ದರು. ಒಂಬತ್ತನೇ ಕ್ಲಾಸಿನ ಹುಡುಗಿ. ಅವಳ ವಾಯ್ಸ್ ಮೆಸೇಜನ್ನು ಗೇಟಿನಲ್ಲೇ ನಮಗೆ ಕೇಳಿಸಿದರು: "ಅಪ್ಪಾ, ಆ ಅಣ್ಣಾಗ ಕೇಳು, ಅಷ್ಟು ನೀರಿನಾಗ ಅವ್ರು ಏನೇನು ಮಾಡ್ತಾರಂತ. ನಂದೂ ಪ್ರಾಜೆಕ್ಟ್ ಐತಿ."

ಮಗ ಇನ್ನೂ ಉತ್ತರ ಕಳಿಸಿಲ್ಲ. ಪರೀಕ್ಷೆ ಮುಗೀಲಿ ಅಂದಿದ್ದಾನೆ.